ನಗು ಕಂಡರಾಗದ ನಿರ್ದೇಶಕರು
ತಲೆತಲಾಂತರದಿಂದ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತ ಬಂದ ಹಳೆಯ ಹಾಡುನಾಟಕವನ್ನು ಹೊಸದಾಗಿ ಆಡಿಸಲು ಬಂದ ನಮ್ಮ ನಿರ್ದೇಶಕರಿಗೆ ನಗು ಕಂಡರಾಗದು. ಅರಮನೆಯನ್ನು ಲಿಫ್ಟ್ ಕೆಟ್ಟ ಆಫೀಸು ಮಾಡಿದರು, ರಾಜನ ಕಿರೀಟ ಕಿತ್ತು ಹೆಲ್ಮೆಟ್ ತೊಡಿಸಿದರು, ಪ್ರೇಮಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ಹಾಡಿಸಿದರು. ತಾಲೀಮಿನಲ್ಲಿ ಯಾರಾದರೂ ಕಿಸಕ್ಕೆಂದರೆ ಸಾಕು, “ನಗೋದೇನಿದೆ ಇಲ್ಲಿ? ಒಳಗಿನ ನೋವು ನೋಡಿ” ಎಂದು ಕನ್ನಡಕ ಒರೆಸಿಕೊಳ್ಳುವರು. ಆದರೆ ಅಡುಗೆಯವನು ತಟ್ಟೆಗಳ ಸಮೇತ ಮೆಟ್ಟಿಲಿಂದ ಉರುಳುವ ಸವಕಲು ದೃಶ್ಯವನ್ನು ಮಾತ್ರ ಮುಟ್ಟಲಿಲ್ಲ. ಅಡುಗೆಯವನ ಪಾರ್ಟು ನನ್ನದು; “ಇದೊಂದನ್ನ ಯಾಕೆ ಸಾರ್ ಹಾಗೇ ಬಿಟ್ರಿ?” ಎಂದು ಕೇಳಿದೆ. ಅವರು ಮೆಟ್ಟಿಲನ್ನೇ ನೋಡುತ್ತ ನಿಂತರು. “ಮೊದಲು ಅಲ್ಲಿ ಬೀಳ್ತಿದ್ದೋರು ನಮ್ಮಪ್ಪ. ಇಲ್ಲಿ ಜನ ನಗೋರು, ಮನೇಲಿ ಅಮ್ಮ ಬೆನ್ನಿಗೆ ಶಾಖ ಕೊಡೋರು. ನೀವು ಸ್ವಲ್ಪ ನೋಡ್ಕೊಂಡು ಬೀಳಿ.”