ಹಳ್ಳದಾಚೆಯ ಓಗೊಡುವಿಕೆ

ಪುಣೆಯ ನಮ್ಮ ಮನೆಯಲ್ಲಿ ಮೊಮ್ಮಗಳ ಹ್ಯಾಮ್ ರೇಡಿಯೋ ಕುಂಯ್‌ಗುಟ್ಟಿ ನಿಂತಿತು. ಕಂಪ್ಯೂಟರಿನ ಅಕ್ಷರಗಳು ಹೀಗೆ ಸದ್ದಾಗಿ ಗಾಳಿಯಲ್ಲಿ ದೇಶ ದಾಟುತ್ತವಂತೆ.

"ಯಾಕ ನಿಲ್ಲಿಸಿದಿ? ಕೈ ನೋಯ್ತಾವೇನು?" ಎಂದೆ.

"ಅಜ್ಜಿ, ನಾವ ಕೂಗ್ತಾ ಇದ್ರ ಆಚೀಕಡೆಯವರದು ಕೇಳೋದು ಹೆಂಗ? ಈಗ ಅವರ ಪಾಳಿ."

ನಾನು ಚಿಕ್ಕವಳಿದ್ದಾಗ ಒಮ್ಮೆ ಹಳ್ಳ ತುಂಬಿ, ಹೊಲಕ್ಕೆ ಹೋದ ಅಪ್ಪ ಆಚೆಯೇ ಉಳಿದಿದ್ದ. ಇದ್ದಾನೋ, ಕೊಚ್ಚಿಹೋದನೋ ತಿಳಿಯದೆ ನಾವೆಲ್ಲ ದಂಡೆಯಲ್ಲಿ ನಿಂತು ಒಟ್ಟಿಗೇ ಕೂಗುತ್ತಿದ್ದೆವು. ನಮ್ಮಜ್ಜಿ ಗದರಿದಳು: "ಬಾಯಿ ಮುಚ್ಚರಿ! ಅಂವಾ ಓ ಅಂದ್ರ ಯಾವ ಕಿವೀಲೆ ಕೇಳ್ತೀರಿ?"

ಸುಮ್ಮನಾದೆವು. ನೀರಿನ ಮೊರೆತದೊಳಗಿಂದ ನೂಲಿನಷ್ಟು ಸಣ್ಣಗೆ ಅಪ್ಪನ "ಓ" ಬಂತು. ಅವ್ವ ಹಳ್ಳಕ್ಕೆ ಕೈ ಮುಗಿದಳು.

"ಅಜ್ಜಿ, ಜಪಾನ್‌ದವರು ಓಗೊಟ್ರು!" ಮೊಮ್ಮಗಳು ಪರದೆ ತೋರಿಸಿದಳು. ನಾನು ರೇಡಿಯೋದ ಹತ್ತಿರ ಕಿವಿ ತಂದೆ. ಅಷ್ಟರಲ್ಲಿ ಸೊಸೆ ಅಡುಗೆಮನೆಯಿಂದ ಊಟಕ್ಕೆ ಕೂಗಿದಳು.

"ಸುಮ್ನಿರs!" ಎಂದೆ. "ಜಪಾನ್ ಮಾತಾಡಾಕತ್ತದ."