ಅರ್ಧ ವೇಗದಲ್ಲಿ ಅವ್ವ

ಸಬ್‌ಟೈಟಲ್ ಬರೆಯುವುದು ನನ್ನ ಹೊಟ್ಟೆಪಾಡು. ಮಂಡ್ಯದ ಮನೆಯ ನಡುಮನೆಯಲ್ಲೇ ಕಂಪ್ಯೂಟರು. ನಾನು ಬಳಸುವ ತಂತ್ರಾಂಶದಲ್ಲಿ ವಿಡಿಯೊ ನಿಧಾನ ಮಾಡುವ ಸೌಲಭ್ಯವೇ ಇರಲಿಲ್ಲ. ನಮ್ಮ ಕಡೆಯವರ ಮಾತೋ, ಹುರಿಯುವ ಕಾಳು ಸಿಡಿದ ಹಾಗೆ. ಒಂದು ಸಾಲು ಬರೆದುಕೊಳ್ಳಲು ಹಿಂದಕ್ಕೆ ಓಡಿಸಿ ಓಡಿಸಿ ತಲೆ ಕೆಟ್ಟು ಹೋಗುತ್ತಿತ್ತು. ಯಾರು ಬೇಕಾದರೂ ತಿದ್ದಬಹುದಾದ ತಂತ್ರಾಂಶವದು. ಅರೆಬರೆ ಪ್ರೋಗ್ರಾಮಿಂಗ್ ಗೊತ್ತಿದ್ದ ನಾನೇ ಹಟಕ್ಕೆ ಬಿದ್ದು ಎಳೆದು ವೇಗ ಹೆಚ್ಚುಕಮ್ಮಿ ಮಾಡುವ ಒಂದು ಪಟ್ಟಿ ಸೇರಿಸಿದೆ. ಮೊದಮೊದಲು ನಿಧಾನಿಸಿದರೆ ಹೆಂಗಸರೆಲ್ಲ ಗಂಡಸರ ದನಿಯಲ್ಲಿ ಮಾತಾಡುತ್ತಿದ್ದರು. ಅದನ್ನೂ ಸರಿ ಮಾಡಿದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದನ್ನು ಮೊದಲು ಬಳಸಿದ್ದು ಅಕ್ಕನಿಗಾಗಿ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಮನೆಯಲ್ಲಿ ಕೈಸನ್ನೆ, ಉಳಿದದ್ದು ಮೊಬೈಲಿನಲ್ಲಿ ಟೈಪು. ಚಿಕ್ಕವ್ವನ ಮಗಳ ಮದುವೆಯಾದ ಮೇಲೆ ಮದ್ದೂರಿನಲ್ಲಿ ನಡೆದ ಬೀಗರೂಟದ ವಿಡಿಯೊ ಬಂದಿತ್ತು. ‘ಎಲ್ಲರೂ ಏನು ಮಾತಾಡಿದರು? ಒಂದೂ ಬಿಡದೆ ಬರಿ’ ಎಂದು ಟೈಪು ಮಾಡಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

ನಾನೂ ಖುಷಿಯಿಂದಲೇ ಬರೆದೆ. ಮುದ್ದೆ ತಣ್ಣಗಾಯಿತೆಂದು ಕೂಗಾಡುವ ಬೀಗರು, ಬರೀ ಮೂಳೆ ಬಡಿಸಿದರೆಂದು ರೇಗುವ ಮಾವ. ಅಕ್ಕ ಓದಿ ಓದಿ ನಕ್ಕಳು.

ಆಮೇಲೆ ಕ್ಯಾಮೆರಾ ನಮ್ಮವರ ಸಾಲಿಗೆ ತಿರುಗಿತು. ಎಲೆ ಮುಂದೆ ಅಕ್ಕ, ಅವಳ ಪಕ್ಕ ಅವ್ವ, ಆಚೆ ಚಿಕ್ಕವ್ವ. ಚಿಕ್ಕವ್ವನಿಗೆ ಅವ್ವ ಏನೋ ಹೇಳಿದಳು. ಅವಳ ಮಾತಿನ ಬಿರುಸಿಗೆ ತಿಳಿಯಲಿಲ್ಲ. ವೇಗವನ್ನು ಅರ್ಧಕ್ಕೆ ಇಳಿಸಿದೆ.

“ಮಳವಳ್ಳಿಯೋರು ಒಪ್ಪಿದ್ರು ಕಣಮ್ಮಿ. ನಾನೇ ಬ್ಯಾಡ ಅಂದ್ಬುಟ್ಟೆ. ಇವ್ಳು ವಂಟೋದ್ರೆ ನಂಗ್ಯಾರವ್ರೆ?”

ಮಳವಳ್ಳಿಯ ಆ ಹುಡುಗ ಅಕ್ಕನನ್ನು ನೋಡಿಕೊಂಡು ಹೋದಾಗ ಅವಳು ಇಡೀ ದಿನ ನಗುತ್ತಿದ್ದಳು. ಅವರಿಗೆ ಮನಸ್ಸಿಲ್ಲವಂತೆ ಎಂದು ಆಮೇಲೆ ಅವಳಿಗೆ ಸನ್ನೆ ಮಾಡಿ ತಿಳಿಸಿದ್ದು ಇದೇ ಅವ್ವ. ನನ್ನಲ್ಲಿ ಏನು ಕಮ್ಮಿ ಎಂದು ಅಕ್ಕ ನನ್ನನ್ನು ಎಷ್ಟು ಸಲ ಕೇಳಿಲ್ಲ! ಮುಂದೆ ಬಂದ ಯಾವ ಗಂಡಿನ ಮುಂದೆಯೂ ಅವಳು ಕೂರಲಿಲ್ಲ. ಅಂಥ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅವಳ ಎಲೆಗೆ ಇನ್ನಷ್ಟು ಸಾರು ಬಿಡಿಸುತ್ತಾ, ಅವ್ವ ಈ ಮಾತನ್ನು ಅಷ್ಟು ಗಟ್ಟಿಯಾಗಿ ಆಡಿದ್ದಳು. ಕೇಳಿಸುವುದಿಲ್ಲವಲ್ಲ ಎನ್ನುವ ಧೈರ್ಯ! ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಕೀಲಿಮಣೆಯ ಮೇಲೆ ಬೆರಳು ಆಡಲಿಲ್ಲ.

ಅಕ್ಕ ನನ್ನ ಮುಖ ನೋಡಿದಳು. ಮೌಸ್ ಕಿತ್ತುಕೊಂಡು ವಿಡಿಯೊವನ್ನು ಹಿಂದಕ್ಕೆ ಒಯ್ದಳು. ವೇಗವನ್ನು ಇನ್ನೂ ಇಳಿಸಿದಳು. ಕಿವಿ ಕೇಳದವಳಿಗೆ ಇದರಿಂದ ಏನು ಉಪಯೋಗ ಎಂದುಕೊಂಡವನು ನಾನು. ಅವಳು ನೋಡುತ್ತಿದ್ದುದು ಅವ್ವನ ತುಟಿಗಳನ್ನು. ಚಿಕ್ಕಂದಿನಿಂದ ನೋಡಿ ಬಲ್ಲ ತುಟಿಗಳು. ಅವ್ವ ಬಿರುಸಾಗಿ ಮಾತಾಡುವಾಗ ಮಾತ್ರ ಅವಳಿಗೆ ಎಟುಕುತ್ತಿರಲಿಲ್ಲ. ಮತ್ತೆ ಮತ್ತೆ ನೋಡಿದಳು. ನಾನು ಖಾಲಿ ಬಿಟ್ಟ ಸಾಲಿನಲ್ಲಿ ಅವ್ವನ ಮಾತನ್ನು ತಾನೇ ಬರೆದಳು.

ಅಷ್ಟರಲ್ಲಿ ಅವ್ವ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದಳು. “ಅದೇನ್ಲಾ ಅಂಗ್ ನೋಡ್ತಾ ಕುಂತಿದ್ದೀರಿ ಇಬ್ರೂವೆ?”

ಅಕ್ಕ ಪರದೆ ತೋರಿಸಿದಳು. ತನ್ನದೇ ಮುಖದ ಕೆಳಗಿದ್ದ ಅಕ್ಷರಗಳನ್ನು ಅವ್ವ ಕೂಡಿಸಿ ಕೂಡಿಸಿ ಓದಿದಳು. ಮಗಳ ಕಡೆ ತಿರುಗಲಿಲ್ಲ. ನನಗೆ ಹೇಳಿದಳು:

“ಅಳ್ಸಾಕ್ಲಾ ಅದ.”

ಅವ್ವ ಅಷ್ಟು ನಿಧಾನವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಕ್ಕ ಅವಳ ತುಟಿಯನ್ನೇ ನೋಡುತ್ತಿದ್ದಳು. ಇಲ್ಲವೆಂದು ತಲೆಯಾಡಿಸಿ, ಸೇವ್ ಒತ್ತಿದಳು.