ಇಸ್ತ್ರಿ ಪೆಟ್ಟಿಗೆಯ ಗುರುತು

ನಾನು ನಿವೃತ್ತಳಾಗಲು ಆಗ ಎರಡು ವರ್ಷ ಉಳಿದಿತ್ತು. ಉಡುಪಿಯ ಒಂದು ಖಾಸಗಿ ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಹಿರಿಯ ನರ್ಸ್ ಆಗಿದ್ದೆ. ಮೂವತ್ತು ವರ್ಷ ರಕ್ತ, ಕೀವು, ವಾಂತಿಯ ನಡುವೆ ಕಳೆದವಳು ನಾನು, ಯಾವುದಕ್ಕೂ ಹೇಸಿದ್ದಿಲ್ಲ. ಆ ಗುರುವಾರ ಬೆಳಿಗ್ಗೆ ಹೇಸಿದೆ.

ಕಾಪುವಿನ ನಮ್ಮ ಚರ್ಚಿನ ಫ್ಲೋರಿನ್ ಬಾಯಿ ತಮ್ಮ ಮನೆಗೆಲಸದ ಸುಮಿತ್ರಾಳನ್ನು ಕರೆತಂದಿದ್ದರು. ಸುಮಿತ್ರಾ ಕೊಪ್ಪಳದ ಕಡೆಯವಳು, ವಿಧವೆ, ವಯಸ್ಸು ಮೂವತ್ತೈದರ ಆಸುಪಾಸು. ವಾಸವೂ ಆ ಮನೆಯಲ್ಲೇ. ಎಡ ಮುಂಗೈಯಲ್ಲಿ ಸುಟ್ಟ ಗಾಯ. ಅವಳ ಹೆಸರು ಕೇಳಿದರೂ ಉತ್ತರ ಕೊಡುತ್ತಿದ್ದುದು ಯಜಮಾನಿಯೇ.

“ಬಿಸಿನೀರು ಚೆಲ್ಲಿಕೊಂಡಳು ಡಾಕ್ಟ್ರೇ. ಹೇಳಿದ್ದು ಕೇಳುವುದೇ ಇಲ್ಲ ಇವಳು.”

ಡ್ಯೂಟಿ ಡಾಕ್ಟರು ಹೊಸಬರು, ಹಾಗೆಯೇ ಬರೆಯಲು ಹೊರಟರು. ನಾನು ಗಾಯವನ್ನು ನೋಡಿದೆ. ಬಿಸಿನೀರು ಹರಿದ ಕಡೆಗೆಲ್ಲ ಸುಡುತ್ತದೆ, ಅಂಚು ಅಂಕುಡೊಂಕಾಗಿರುತ್ತದೆ. ಈ ಗಾಯಕ್ಕೆ ಎರಡು ನೀಟಾದ ಅಂಚು, ಚೂಪಾದ ತುದಿ. ಅದು ಇಸ್ತ್ರಿ ಪೆಟ್ಟಿಗೆಯ ಮೂತಿ.

ಹಲ್ಲೆಯ ಅನುಮಾನವಿರುವ ಗಾಯವನ್ನು ಮೆಡಿಕೋ ಲೀಗಲ್ ಕೇಸು, ಅಂದರೆ ಎಂಎಲ್‌ಸಿ ಎಂದು ದಾಖಲಿಸಿ ಪೊಲೀಸರಿಗೆ ತಿಳಿಸಬೇಕು. ಆದರೆ ಯಜಮಾನಿ ಎದುರಿಗೇ ಕೂತಿದ್ದರೆ ಯಾವ ಹೆಂಗಸು ಬಾಯಿ ಬಿಡುತ್ತಾಳೆ? ಅದಕ್ಕೆ ನಮ್ಮಲ್ಲೊಂದು ಹಳೆಯ ಉಪಾಯವಿತ್ತು. ನಮ್ಮ ಕಪಾಟಿನಲ್ಲೇ ಇರುವ ಮುಲಾಮನ್ನು ಚೀಟಿಯಲ್ಲಿ ಬರೆದು, ಜೊತೆಗೆ ಬಂದವರನ್ನು ಕೆಳಗಿನ ಫಾರ್ಮಸಿಯ ಕ್ಯೂಗೆ ಅಟ್ಟುವುದು. ಅಟ್ಟಿದೆ. ಪರದೆ ಎಳೆದೆ.

“ಯಾರು ಮಾಡಿದ್ದಮ್ಮ?”

ಅವಳು ಪರದೆಯ ಕಡೆ ನೋಡಿದಳು. “ಸೀರಿ ಸುಟ್ಟೆ ಅಂತ ಅಕ್ಕಾರು ಪೆಟ್ಟಿಗಿ ಇಟ್ರರೀ. ಹೇಳಬ್ಯಾಡ್ರಿ, ವಾಪಸ್ ಅಲ್ಲೇ ಹೋಗಬೇಕು. ಫೋನು, ಆಧಾರ್ ಕಾರ್ಡು ಎಲ್ಲಾ ಅವರ ಹತ್ರನ ಅದಾವು.”

ಥೂ! ಒಂದು ಸೀರೆಗೆ! ನಮ್ಮ ಚರ್ಚಿನ ವಾರ್ಡಿನ ಮನೆಮನೆಗಳಲ್ಲಿ ಜಪಮಾಲೆ ಪ್ರಾರ್ಥನೆ ನಡೆಸುವವರು ಇದೇ ಫ್ಲೋರಿನ್ ಬಾಯಿ. ಜಪಸರ ಹಿಡಿಯುವ ಕೈಯಲ್ಲೇ ಕಾದ ಪೆಟ್ಟಿಗೆ ಹಿಡಿದು, ಒತ್ತಿ, ಆಮೇಲೆ ಅದೇ ಕೈಯಿಂದ ಕಾರು ಓಡಿಸಿಕೊಂಡು ಬಂದಿದ್ದರು.

“ವಾಪಸ್ ಕಳಿಸುವುದಿಲ್ಲ, ಇಲ್ಲೇ ಇಟ್ಟುಕೊಳ್ಳುತ್ತೇವೆ,” ಎಂದು ಸುಮಿತ್ರಾಳಿಗೆ ಹೇಳಿದೆ. ಮುಲಾಮು ಹಿಡಿದು ಬಂದವರಿಗೆ ಮೇಜಿನ ಮೇಲೆ ತೆರೆದಿಟ್ಟ ಎಂಎಲ್‌ಸಿ ರಿಜಿಸ್ಟರ್ ಕಂಡಿತು. ನನ್ನ ಕಿವಿಯ ಹತ್ತಿರ ಬಂದು ಕೊಂಕಣಿಯಲ್ಲಿ ಪಿಸುಗುಟ್ಟಿದರು: “ಎಂತ ಇದು ಜೆಸಿಂತಾ? ನಾವು ಒಂದೇ ಚರ್ಚಿನವರಲ್ವಾ? ಇಂಥವರಿಗಾಗಿ ನಮ್ಮವರ ಮಾನ ತೆಗೀತೀಯಾ?”

“ಇಂಥವರಿಗಾಗಿಯೇ ಶಿಲುಬೆಗೆ ಹೋದವನ ಮುಂದೆ ನೀವು ಮೊಣಕಾಲೂರುವುದು,” ಎಂದೆ, ಕನ್ನಡದಲ್ಲೇ. ಇಡೀ ಕ್ಯಾಶುವಲ್ಟಿಗೆ ಕೇಳಿತು. ಕೇಳಲಿ. ಡಾಕ್ಟರು ಕಂಡದ್ದನ್ನು ಕಂಡ ಹಾಗೆ ಬರೆದರು. ಸುಮಿತ್ರಾಳನ್ನು ವಾರ್ಡಿಗೆ ಸೇರಿಸಿಕೊಂಡೆವು. ಸಂಜೆಯ ಒಳಗೆ ಪೊಲೀಸರು ಅವಳ ಹೇಳಿಕೆ ಪಡೆದು, ಫೋನು, ಕಾರ್ಡು ತರಿಸಿಕೊಟ್ಟರು.

ಭಾನುವಾರ ಪೂಜೆ ಮುಗಿದ ಮೇಲೆ ನನ್ನ ಜೊತೆ ಮಾತಾಡಿದವರು ಇಬ್ಬರೋ ಮೂವರೋ. ಉಳಿದವರಿಗೆ ಸುಟ್ಟ ಕೈಗಿಂತ ಚರ್ಚಿನ ಹೆಸರು ದೊಡ್ಡದಾಗಿತ್ತು. ಪಾದ್ರಿಗಳು ನನ್ನನ್ನು ಕರೆಸಿದರು.

“ನಾವು ನಾವೇ ಕೂತು ಮಾತಾಡಿ ಮುಗಿಸಬಹುದಿತ್ತಲ್ಲ?”

“ಫಾದರ್, ಆ ಕೈ ನೋಡಿದ್ದೀರಾ? ನಾಳೆ ಹತ್ತು ಗಂಟೆಗೆ ಡ್ರೆಸ್ಸಿಂಗ್ ಉಂಟು. ಬನ್ನಿ.”

ಬಂದರು, ಅದು ಅವರ ದೊಡ್ಡತನ. ಪಟ್ಟಿ ಬಿಚ್ಚುವಾಗ ಒಮ್ಮೆ ಮುಖ ತಿರುಗಿಸಿದರು, ಮತ್ತೆ ಕಷ್ಟಪಟ್ಟು ನೋಡಿದರು. ಕೇಸು ಮುಗಿಸುವ ಮಾತನ್ನು ಆಮೇಲೆ ಎತ್ತಲಿಲ್ಲ. ಸುಮಿತ್ರಾಳಿಗೆ ಇರಲು ಕಾರ್ಕಳದ ಒಂದು ಕಾನ್ವೆಂಟಿನಲ್ಲಿ ಜಾಗ ಮಾಡಿಸಿಕೊಟ್ಟವರು ಅವರೇ.

ಅವಳು ಹೊರಡುವ ದಿನ ಕೊನೆಯ ಪಟ್ಟಿ ಕಟ್ಟುತ್ತಿದ್ದೆ. ದೊಡ್ಡ ಕೆಲಸ ಮಾಡಿದೆನೆಂಬ ಗತ್ತು ನನ್ನಲ್ಲಿ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

“ನಿಮ್ಮನ್ನ ಮೊದಲ ನೋಡೀನ್ರಿ ಸಿಸ್ಟರ್,” ಎಂದಳು. “ಅವರ ಮನ್ಯಾಗ ಪ್ರಾರ್ಥನಾ ಇತ್ತಲ್ರಿ, ನಾನ ನಿಮಗ ಚಾ ಕೊಟ್ಟಿದ್ದೆ. ಆವಾಗೂ ಕೈಗೆ ಬಟ್ಟಿ ಸುತ್ತಿದ್ದೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಆ ಚಹಾ ನನಗೆ ನೆನಪಾಯಿತು. “ಸಕ್ಕರೆ ಹಾಕಿದ್ದೀಯಾ?” ಎಂದು ಕೇಳಿದ್ದೆ, ನನಗೆ ಡಯಾಬಿಟಿಸ್. ಬೇರೇನೂ ಕೇಳಿರಲಿಲ್ಲ. ಚಹಾ ಕುಡಿದು, ನೊಂದವರಿಗಾಗಿ ಪ್ರಾರ್ಥಿಸಿ, ಮನೆಗೆ ಹೋಗಿದ್ದೆ.

ಗಾಯ ನೋಡುವುದು ಡ್ಯೂಟಿಯ ಹೊತ್ತಿನ ಕೆಲಸ ಎಂದುಕೊಂಡಿದ್ದೆ. ಈಗ ಯಾರ ಮನೆಗೆ ಹೋದರೂ ಚಹಾ ತಂದವರ ಕೈ ನೋಡುತ್ತೇನೆ, ಹೆಸರು ಕೇಳುತ್ತೇನೆ, ಆಮೇಲೆ ಲೋಟ ತೆಗೆದುಕೊಳ್ಳುತ್ತೇನೆ. ನಾನು ಇಷ್ಟು ಕಲಿಯಬೇಕಾದರೆ ಅವಳ ಕೈ ಎರಡನೇ ಸಲ ಸುಡಬೇಕಾಯಿತು.